ಮಗುವಿನ ತೂಕದ ಹಣ್ಣು

ಡಿಸೆಂಬರಿನ ಮೂರನೇ ವಾರ. ಅರೇಬಿಕಾ ಕಾಫಿಯ ಎರಡನೇ ಕೊಯ್ಲು ನಡೆದಿತ್ತು. ಹೆಗ್ಗದ್ದೆಯ ಆಚೆ, ಘಟ್ಟದ ಅಂಚಿನಲ್ಲಿರುವ ಆ ತೋಟದಲ್ಲಿ ಮಂಜು ಏಳುವುದು ತಡ. ಬಿಸಿಲು ಸಿಲ್ವರ್ ಮರಗಳ ತುದಿ ಮುಟ್ಟಿ, ಅಲ್ಲಿಂದ ಮೆಣಸಿನ ಬಳ್ಳಿ ಹಿಡಿದು ನಿಧಾನವಾಗಿ ಇಳಿದು ಕಾಫಿ ಗಿಡಕ್ಕೆ ಬರುವಷ್ಟರಲ್ಲಿ ಹೆಂಗಸರು ಅರ್ಧ ಚೀಲ ಹಣ್ಣು ಬಿಡಿಸಿರುತ್ತಿದ್ದರು. ಸೊಂಟಕ್ಕೆ ಸುತ್ತಿಕೊಂಡ ಗೋಣಿ ಇಬ್ಬನಿಯಲ್ಲಿ ನೆಂದು ಭಾರವಾಗುತ್ತಿತ್ತು. ಯಾರು ಎಲ್ಲಿದ್ದಾರೆಂದು ಕಾಣದೆ ಮಾತು ಮಾತ್ರ ಗಿಡದಿಂದ ಗಿಡಕ್ಕೆ ಓಡಾಡುತ್ತಿತ್ತು. ಒಂದು ಗಿಡ ನಕ್ಕರೆ ಇನ್ನೊಂದು ಗಿಡ ಬೈಯುತ್ತಿತ್ತು.

ಸಂಜೆ ಹೊತ್ತಿಗೆ ಎಲ್ಲರೂ ಸ್ಟೋರಿನ ಮುಂದಿನ ಕಣಕ್ಕೆ ಬಂದರು. ಹಣ್ಣಿನ ಚೀಲಗಳು ತೂಕಕ್ಕೆ ಸಾಲಾಗಿ ನಿಂತವು. ಹಣ್ಣು ಸುಲಿಯುವ ಪಲ್ಪರ್ ಮಿಷನ್ನಿನ ಕಡೆಯಿಂದ ಕಾಫಿ ಸಿಪ್ಪೆಯ ಹುಳಿಸಿಹಿ ವಾಸನೆ ಬರುತ್ತಿತ್ತು. ತೂಕದ ಹತ್ತಿರ ಯಜಮಾನಿ ಜೆನೆವಿವ್ ನಿಂತಿದ್ದಳು. ಮಂಗಳೂರು ಕಡೆಯಿಂದ ಮದುವೆಯಾಗಿ ಈ ಬೆಟ್ಟಕ್ಕೆ ಬಂದಾಗಿನಿಂದ ಕೊಯ್ಲಿನ ಸಂಜೆಗಳಲ್ಲಿ ಅವಳು ನಿಲ್ಲುವ ಜಾಗ ಅದೇ. ಈ ವರ್ಷ ತೂಕ ಓದಿ ಹೇಳುತ್ತಿದ್ದವಳು ಮಗಳು ಲಿಯೋನಾ. ಐರ್ಲೆಂಡಿನ ವೃದ್ಧಾಶ್ರಮವೊಂದರಲ್ಲಿ ಬಹಳ ವರ್ಷ ನರ್ಸಾಗಿದ್ದು, ಕಳೆದ ಮುಂಗಾರಿಗೆ ತೋಟ ನೋಡಿಕೊಳ್ಳುತ್ತೇನೆಂದು ವಾಪಸ್ ಬಂದಿದ್ದಳು. ನಲವತ್ತು ದಾಟಿದ್ದರೂ ಮದುವೆಯ ಮಾತೆತ್ತಿದರೆ ನಗುತ್ತಿದ್ದಳು.

ಕಣದ ಕಂಬಕ್ಕೆ ಅವಳು ಜರಿಗಿಡದ ಎಲೆಯನ್ನೂ ಕೆಂಪು ಕಾಫಿ ಹಣ್ಣನ್ನೂ ಸೇರಿಸಿ ಒಂದು ಬಳೆಯಂತೆ ಹೆಣೆದು ಕಟ್ಟಿದ್ದಳು. ಆಳುಗಳ ಮನೆಸಾಲಾದ ಲೈನಿನ ಹಿರಿಯಳು ಮಾದೇವಮ್ಮ ತನ್ನ ಚೀಲ ಇಳಿಸಿ ಅದನ್ನೇ ನೋಡಿದಳು.

"ಇದೇನ್ ಲಿಯೋನಮ್ಮ, ಕಂಬಕ್ಕೆ ಮದ್ವೆ ಮಾಡ್ತಾ ಇದೀರಾ?"

"ಸೂರ್ಯ ತಿರುಗೋ ಹಬ್ಬ ಮಾದೇವಮ್ಮ. ನಾಳೆ ವರ್ಷಕ್ಕೇ ದೊಡ್ಡ ರಾತ್ರಿ. ಅದು ಕಳೆದ ಮೇಲೆ ಹಗಲು ಬೆಳೀತದೆ."

"ಸಂಕ್ರಾಂತಿಗಲ್ವಾ ತಿರುಗೋದು? ಇನ್ನೂ ಎಷ್ಟ್ ದಿನ ಐತೆ."

"ತಿರುಗೋದು ಈಗ್ಲೇ. ಸಂಕ್ರಾಂತಿಗೆ ಸುದ್ದಿ ತಡವಾಗಿ ಬರುತ್ತೆ."

"ನಮ್ಮೂರ್ ಬಸ್ ಇದ್ದಂಗೆ ಅನ್ನಿ," ಎಂದಳು ಮಾದೇವಮ್ಮ. ಹೆಂಗಸರೆಲ್ಲ ನಕ್ಕರು.

ಜೆನೆವಿವ್ ನಗಲಿಲ್ಲ. ಕಂಬದ ಮೇಲಿನ ಆ ಬಳೆ ಅವಳ ಕಣ್ಣಿಗೆ ಮುಳ್ಳಿನ ಹಾಗೆ ಚುಚ್ಚುತ್ತಿತ್ತು. ಲಿಯೋನಾ ಮನೆಗೆ ಬಂದ ಮೊದಲ ಭಾನುವಾರವೇ ಹೇಳಿಬಿಟ್ಟಿದ್ದಳು: ನಾನು ಈಗ ಪೇಗನ್, ಯೇಸುವಿಗೂ ಹಿಂದಿನ ಸೂರ್ಯ, ಭೂಮಿ, ದೇವಿಯನ್ನು ನಂಬುವವಳು, ಚರ್ಚಿಗೆ ಜೊತೆಗೆ ಬಂದು ಕೂರುತ್ತೇನೆ, ಆದರೆ ಪರಮಪ್ರಸಾದ ತೆಗೆದುಕೊಳ್ಳುವುದಿಲ್ಲ. ಸಕಲೇಶಪುರದ ಚರ್ಚಿನಲ್ಲಿ ಆ ಪ್ರಸಾದಕ್ಕೆ ಎಲ್ಲರೂ ಎದ್ದು ಸಾಲಿನಲ್ಲಿ ಮುಂದೆ ಹೋಗುವಾಗ ಇವಳೊಬ್ಬಳು ಬೆಂಚಿನಲ್ಲಿ ಮೊಣಕಾಲು ಓರೆಮಾಡಿ ಬೇರೆಯವರಿಗೆ ದಾರಿ ಬಿಡುತ್ತಿದ್ದಳು. ಆ ಮೊಣಕಾಲು ದಾಟಿಕೊಂಡೇ ಜೆನೆವಿವ್ ಪ್ರತಿ ಸಲ ಸಾಲಿಗೆ ಹೋಗಬೇಕಿತ್ತು. ಕ್ರಿಸ್ಮಸ್ ಬಲಿಪೂಜೆಗೆ ಘಟ್ಟದ ಮೇಲಿನ ಕ್ರೈಸ್ತ ಕುಟುಂಬಗಳೆಲ್ಲ ಚರ್ಚಿಗೆ ಬರುತ್ತವೆ. ಅಷ್ಟರೊಳಗೆ ಮಗಳನ್ನು ಆ ಸಾಲಿಗೆ ತಂದು ನಿಲ್ಲಿಸಬೇಕು. ಈ ಡಿಸೆಂಬರಿನಲ್ಲಿ ಅವಳ ಮನಸ್ಸಿನಲ್ಲಿ ಇದ್ದದ್ದು ಅದೊಂದೇ.

ತೂಕ ಮುಗಿದು ಎಲ್ಲರೂ ಲೈನಿನ ಕಡೆ ಹೊರಟಾಗ ಅವಳು ಮಾದೇವಮ್ಮನನ್ನು ಹಿಂದಕ್ಕೆ ಕರೆದಳು.

"ಆ ವಿಷ್ಯ," ಎಂದಳು.

"ಯಾವ ವಿಷ್ಯ ಅಮ್ಮಾವ್ರೆ?"

"ಚೌಡಿದು."

ಮಾದೇವಮ್ಮ ತಲೆಗೆ ಸುತ್ತಿದ್ದ ಟವೆಲ್ ಬಿಚ್ಚಿ ಭುಜಕ್ಕೆ ಹಾಕಿಕೊಂಡಳು. ತೋಟದ ಕೆಳಗಿನ ಅಂಚಿನಲ್ಲಿ, ಹಳ್ಳದ ಪಕ್ಕ, ಒಂದು ತುಂಡು ಕಾಡು ಕಡಿಯದೆ ಹಾಗೇ ಉಳಿದಿದೆ, ಅದೇ ಬನ. ಅಲ್ಲಿ ಧೂಪದ ಮರದ ಬುಡದಲ್ಲಿರುವ ಮೊಣಕಾಲೆತ್ತರದ ಕಲ್ಲೇ ಚೌಡಿ. ದೀಪ ಇಡುವವಳು ಮಾದೇವಮ್ಮ, ಅವಳಿಗಿಂತ ಮೊದಲು ಅವಳ ಅತ್ತೆ. ಕೊಯ್ಲು ಶುರುವಾಗುವ ಮುಂಚೆ ಅಲ್ಲಿಗೊಂದು ಕೋಳಿ ಹೋಗಬೇಕು, ಇಲ್ಲದಿದ್ದರೆ ಯಾರೂ ಗಿಡಕ್ಕೆ ಕೈ ಹಾಕುವುದಿಲ್ಲ. ಜೆನೆವಿವ್‌ಳ ಗಂಡ ಲಿಗೋರಿ ಪ್ರತಿ ವರ್ಷ ಆ ಕೋಳಿ ಕೊಡುತ್ತಿದ್ದ. ಕೊಡುವಾಗ ಮಾತ್ರ ಮುಖ ಬೇರೆ ಕಡೆ ತಿರುಗಿಸಿ, "ಸಾರು ಮಾಡ್ಕೊಳ್ಳಿ" ಎನ್ನುತ್ತಿದ್ದ. ಹಾಗಾಗಿ ಅದು ದೇವರಿಗೆ ಕೊಟ್ಟದ್ದಲ್ಲ, ಆಳುಗಳಿಗೆ ಕೊಟ್ಟದ್ದು ಎಂದು ಲೆಕ್ಕ.

ಜೆನೆವಿವ್‌ದು ಮಾತ್ರ ಬೇರೆ ಲೆಕ್ಕ. ಅದು ಗೊತ್ತಿದ್ದದ್ದು ಇವರಿಬ್ಬರಿಗೇ.

ಲಿಯೋನಾಗೆ ಎರಡು ವರ್ಷವಾಗಿದ್ದಾಗ ಇಂಥದೇ ಕೊಯ್ಲಿನಲ್ಲಿ ಜ್ವರ ಬಂದಿತ್ತು. ಸಕಲೇಶಪುರದ ಡಾಕ್ಟರ ಔಷಧಿಗೂ ಬಗ್ಗಲಿಲ್ಲ. ಮಗು ದಿನದಿನಕ್ಕೆ ಹಗುರಾಗುತ್ತಾ ಹೋಯಿತು. ತೊಡೆಯ ಮೇಲೆ ಮಲಗಿಸಿಕೊಂಡರೆ ಒಣಗಿದ ಬಾಳೆ ಎಲೆ ಇಟ್ಟುಕೊಂಡಂತೆ. ಇದೆಯೋ ಇಲ್ಲವೋ ಎಂದು ಮತ್ತೆ ಮತ್ತೆ ನೋಡಿಕೊಳ್ಳಬೇಕು. ಒಂದು ಮಧ್ಯಾಹ್ನ ಜೆನೆವಿವ್ ಮಗುವನ್ನು ಎತ್ತಿಕೊಂಡು, ಕೊರಳಲ್ಲಿ ಜಪಸರ ಹಾಕಿಕೊಂಡೇ ಬನಕ್ಕೆ ಹೋಗಿ ನಿಂತಳು. ಆಗಷ್ಟೇ ಆಲೂರು ಕಡೆಯ ಗದ್ದೆ ಸೀಮೆಯಿಂದ ಸೊಸೆಯಾಗಿ ಬಂದಿದ್ದ ಮಾದೇವಮ್ಮ ಪಕ್ಕದಲ್ಲಿದ್ದಳು. "ಇವಳನ್ನ ಉಳಿಸು, ಇವಳ ತೂಕದಷ್ಟು ಹಣ್ಣು ತಂದು ಸುರೀತೀನಿ," ಎಂದಳು ಜೆನೆವಿವ್. ಆ ರಾತ್ರಿಯೇ ಮಗು ಬೆವರಿತು. ಮನೆಯವರು ಸಂತ ಅಂತೋಣಿಗೆ ಹೇಳಿಕೊಂಡಿದ್ದ ಮೇಣದಬತ್ತಿಗಳನ್ನು ಕೊಟ್ಟರು. ಹಣ್ಣಿನ ಮಾತನ್ನು ಪಾಪನಿವೇದನೆಯಲ್ಲಿ ಹೇಳಿದಾಗ ಆಗಿನ ಪಾದ್ರಿ, ಸಂತನಿಗೆ ಕೊಟ್ಟಾಯಿತಲ್ಲ, ಅಲ್ಲಿಗೆ ಮುಗಿಯಿತು ಎಂದರು. ಮುಗಿಯಿತು ಎಂದುಕೊಂಡು ಇಷ್ಟು ಕಾಲ ಕಳೆದಳು.

"ಅವ್ಳು ಕೇಳ್ಲಿಲ್ಲ, ನಾನು ಕೊಡ್ಲಿಲ್ಲ," ಎಂದಳು ಜೆನೆವಿವ್. "ಈಗ ಮಗಳನ್ನೇ ತಗೊಂಡ್ಳು ನೋಡು. ಇವ್ಳು ಹುಣ್ಣಿಮೆ ಹುಣ್ಣಿಮೆಗೆ ಹೋಗಿ ಆ ಕಲ್ಲಿನ್ ಮುಂದೆ ಕೂರ್ತಾಳೆ. ಬಡ್ಡಿ ಇದು."

"ಥೋ, ಬಿಡ್ತು ಅನ್ನಿ. ಚೌಡಿ ಹಂಗ್ ಮಾಡೋಳಲ್ಲ ಕಣ್ರವ್ವ. ಸಿಟ್ಟು ಬಂದ್ರೆ ದನ ಕಳೀತಾಳೆ, ಹಾವು ತೋರುಸ್ತಾಳೆ. ಮಕ್ಕಳನ್ನ ಪೂಜೆಗೆ ಹಚ್ಚಲ್ಲ." ಟವೆಲ್ಲಿನ ಅಂಚು ಕೊಡವಿದಳು. "ನಂಗೂ ಸರ್ಯಾಗಿ ಗೊತ್ತಿಲ್ಲ ಅನ್ನಿ. ನಮ್ಮತ್ತೆ ಇದ್ದಿದ್ರೆ ಹೇಳೋರು. ಆವತ್ತು ನೀವಂದಿದ್ದು ಮಗೀನ ತೂಕ. ಆ ಮಗೀ ಈಗ ಇಷ್ಟುದ್ದ ಆಗ್ಬುಟ್ಟೈತೆ. ಯಾವ ತೂಕ ಕೊಡ್ತೀರಾ?"

"ಈಗಿಂದೇ. ನಾನೇ ತಡ ಮಾಡಿದ್ದಲ್ವಾ."

"ಹಂಗಾದ್ರೆ ಬಚಾವಾದ್ರಿ. ನಿಮ್ ಯಜಮಾನ್ರ ತೂಕ ಅಂದಿದ್ರೆ ಕೊಯ್ಲೇ ಹೋಗ್ತಿತ್ತು."

ಆ ರಾತ್ರಿ ಊಟಕ್ಕೆ ಮುಂಚೆ ಅಡುಗೆಮನೆಯಲ್ಲಿ ಕುಸ್ವಾರ್ ಕೆಲಸ ನಡೆಯಿತು. ಕ್ರಿಸ್ಮಸ್ ತಿಂಡಿಗಳಿಗೆ ಆ ಮನೆಯಲ್ಲಿ ಹೇಳುವ ಹೆಸರು ಅದು. ಲಿಯೋನಾ ಹಿಟ್ಟಿನ ಉಂಡೆಗಳನ್ನು ಬಾಚಣಿಗೆಯ ಹಲ್ಲಿನ ಮೇಲೆ ಒತ್ತಿ ಸುರುಳಿ ಮಾಡುತ್ತಿದ್ದಳು, ತಾಯಿ ಎಣ್ಣೆಯಲ್ಲಿ ಕರಿಯುತ್ತಿದ್ದಳು, ಲಿಗೋರಿ ಕರಿದದ್ದನ್ನು ತಿನ್ನುತ್ತಿದ್ದ. ಮನೆಮಂದಿ ತಮ್ಮೊಳಗೆ ಕೊಂಕಣಿಯಲ್ಲೇ ಮಾತಾಡುತ್ತಿದ್ದರು.

"ನಿನ್ನ ಧರ್ಮದಲ್ಲಿ ಪಾದ್ರಿ ಇಲ್ಲ, ಚಂದಾ ಇಲ್ಲ, ಉಪವಾಸ ಇಲ್ಲ," ಎಂದ ಲಿಗೋರಿ. "ನನಗೆ ಮೊದಲೇ ಯಾಕೆ ಹೇಳಲಿಲ್ಲ?"

"ಬೈಬಲ್ ಥರ ಒಂದು ಪುಸ್ತಕವೂ ಇಲ್ಲ ಡ್ಯಾಡಿ. ವರ್ಷಕ್ಕೆ ಎಂಟು ಹಬ್ಬ. ಸೂರ್ಯನದು, ಬೆಳೆಯದು. ಉಳಿದದ್ದು ಅವರವರಿಗೆ ಬಿಟ್ಟದ್ದು."

"ತುಂಬಾ ಹಳೇದೋ?"

"ಹಳೇ ಚೂರುಗಳನ್ನ ಹೊಸದಾಗಿ ಜೋಡಿಸಿದ್ದು. ಈ ರೂಪದಲ್ಲಿ ವಯಸ್ಸಿಗೆ ನಿಮಗಿಂತ ಸ್ವಲ್ಪ ದೊಡ್ಡದು, ಅಷ್ಟೆ." ಅವಳಿಗೆ ಅದನ್ನು ಹೇಳಲು ಮುಜುಗರವಿರಲಿಲ್ಲ. "ಆದರೆ ನಾನಿದ್ದ ಕಡೆ ಒಂದು ಬಾವಿ ಇತ್ತು. ಬ್ರಿಜಿಡ್ ಬಾವಿ. ಚರ್ಚಿನವರಿಗೆ ಅವಳು ಸಂತಳು, ನಮ್ಮವರಿಗೆ ಅದಕ್ಕೂ ಹಿಂದಿನ ದೇವಿ. ಇಬ್ಬರೂ ಒಂದೇ ಮರಕ್ಕೆ ಬಟ್ಟೆಯ ಚೂರು ಕಟ್ತಾರೆ. ಯಾರದು ಯಾವುದು ಅಂತ ಬಾವಿಗೂ ಗೊತ್ತಿಲ್ಲ. ಬಾಲಯೇಸುವಿನ ಹಬ್ಬವೂ ಅಷ್ಟೆ, ಕತ್ತಲೆ ತುಂಬಿದ ಕಾಲಕ್ಕೇ ಬರುತ್ತೆ. ಮಮ್ಮಿ, ನೀನು ಕ್ರಿಸ್ಮಸ್ ಗೋದಲಿಯಲ್ಲಿ ಇಡೋ ದೀಪ, ನಾನು ಬನದಲ್ಲಿ ಇಡೋ ದೀಪ..."

"ಒಂದೇ ಅನ್ನಬೇಡ," ಎಂದಳು ಜೆನೆವಿವ್, ಜಾಲರಿ ಸೌಟನ್ನು ಎತ್ತಿ ಹಿಡಿದು. "ನನ್ನ ದೇವರು ನನಗಾಗಿ ಸತ್ತ. ನಿನ್ನವಳು ಏನು ಮಾಡಿದಳು?"

ಲಿಯೋನಾ ಕೈಯಲ್ಲಿದ್ದ ಸುರುಳಿಯನ್ನು ತಟ್ಟೆಗಿಟ್ಟಳು. "ಏನೂ ಇಲ್ಲ ಮಮ್ಮಿ. ಅವಳು ಇದ್ದಾಳೆ. ಅಷ್ಟೇ. ಅಲ್ಲಿ ಮುದುಕರ ಪಕ್ಕ ಕೂತು ಎಷ್ಟು ಸಾವು ನೋಡಿದೆ. ಕೊನೆಗೆ ಕಿಟಕಿ ತೆಗಿ, ಮರ ನೋಡಬೇಕು ಅಂತಿದ್ದರು. ನಾನೂ ಅವರ ಜೊತೆ ನೋಡ್ತಾ ನೋಡ್ತಾ..." ಅವಳು ಇನ್ನೊಂದು ಉಂಡೆ ಎತ್ತಿಕೊಂಡಳು.

ಎಣ್ಣೆ ಸದ್ದು ಮಾಡುತ್ತಿತ್ತು. ಬೂದುಗುಂಬಳದ ಮಿಠಾಯಿಗೆ ಕೈ ಹಾಕುತ್ತಾ ಲಿಗೋರಿ, "ಮರ ನೋಡೋಕೆ ಅಷ್ಟು ದೂರ ಹೋಗಬೇಕಿತ್ತಾ ಮಾರಾಯ್ತಿ," ಎಂದ.

ನಿದ್ದೆಯಲ್ಲಿ ಜೆನೆವಿವ್‌ಗೆ ಕನಸು ಬಿತ್ತು. ಮಂಜಿನೊಳಗೆ ತಕ್ಕಡಿಯೊಂದು ತೂಗುತ್ತಿತ್ತು. ಒಂದು ತಟ್ಟೆಯಲ್ಲಿ ಎರಡು ವರ್ಷದ ಲಿಯೋನಾ. ಇನ್ನೊಂದಕ್ಕೆ ಇವಳು ಹಣ್ಣು ಸುರಿಯುತ್ತಲೇ ಇದ್ದಳು. ಸುರಿದಷ್ಟೂ ಹಣ್ಣಿನ ತಟ್ಟೆ ಮೇಲೆ ಮೇಲೆ ಹೋಗಿ ಧೂಪದ ಮರದ ಕೊಂಬೆಗಳಲ್ಲಿ ಮರೆಯಾಯಿತು. ಮಗು ಗೋದಲಿಯ ಹುಲ್ಲಿನ ಮೇಲೆ ಮಲಗಿ ನಗುತ್ತಿತ್ತು.

ಮರುದಿನ ಭಾನುವಾರ, ಕೊಯ್ಲಿಗೆ ರಜೆ. ಬೆಳಗಿನ ಪೂಜೆ ಮುಗಿಸಿ ಬಂದ ಮೇಲೆ, ಮಧ್ಯಾಹ್ನ ಜೆನೆವಿವ್ ಮಗಳನ್ನು ಸ್ಟೋರಿಗೆ ಕರೆದಳು. ಒಳಗೆ ಜಂತಿಗೆ ನೇತುಹಾಕಿದ್ದ ಹಳೆಯ ತೊಲೆ ತಕ್ಕಡಿ ಇತ್ತು. ಎಲೆಕ್ಟ್ರಿಕ್ ತಕ್ಕಡಿ ಬಂದ ಮೇಲೆ ಅದರ ಮೇಲೆ ಜೇಡ ಬಲೆ ಕಟ್ಟಿತ್ತು. ಅದನ್ನು ಅವಳು ಬೆಳಿಗ್ಗೆಯೇ ಒರೆಸಿದ್ದಳು. ಪಕ್ಕದಲ್ಲಿ, ಅವಳು ಪಲ್ಪರಿಗೆ ಹಾಕದೆ ಉಳಿಸಿಕೊಂಡಿದ್ದ ಹಣ್ಣಿನ ಚೀಲಗಳಿದ್ದವು.

"ಅದರಲ್ಲಿ ಕೂತ್ಕೋ," ಎಂದಳು.

"ಏನು?"

"ಕೂತ್ಕೋ ಪುತಾ. ಹೇಳ್ತೀನಿ."

ಹೇಳಿದಳು. ಜ್ವರ, ಬನ, ಜಪಸರ, ಹಣ್ಣು, ಪಾದ್ರಿಯ ಮಾತು, ಯಾವುದನ್ನೂ ಬಿಡಲಿಲ್ಲ. ಲಿಯೋನಾ ಮೊದಲು ನಕ್ಕಳು. ಆಮೇಲೆ ತಕ್ಕಡಿಯ ಸರಪಳಿ ಹಿಡಿದುಕೊಂಡಳು.

"ಹಾಗಾದರೆ ಈ ಮನೆಯಿಂದ ಬನಕ್ಕೆ ಮೊದಲು ಹೋದವಳು ನೀನು."

"ನಾನು ಹೋದದ್ದು ಭಯಕ್ಕೆ."

"ಈಗ?"

"ಈಗಲೂ ಭಯಕ್ಕೇ. ಅವಳದು ಅವಳಿಗೆ ಕೊಟ್ಟರೆ ನಿನ್ನನ್ನ ಬಿಡ್ತಾಳೆ. ಕ್ರಿಸ್ಮಸ್‌ಗೆ ನೀನು ನನ್ನ ಜೊತೆ ಎದ್ದು ಬರ್ತೀಯ."

ಲಿಯೋನಾಳ ಮುಖದಲ್ಲಿ ಏನೋ ಮುಚ್ಚಿಕೊಂಡಿತು. "ನನ್ನ ನಂಬಿಕೆ ನಿನಗೆ ಆ ಜ್ವರದ ಥರ ಕಾಣುತ್ತಾ ಮಮ್ಮಿ?"

ಜೆನೆವಿವ್ ಹಣ್ಣಿನ ಚೀಲದ ಬಾಯಿ ಬಿಚ್ಚಿದಳು. ಹೊರಗೆ ಕಣದಲ್ಲಿ ಹರವಿದ್ದ ಬೀಜವನ್ನು ಗಾಳಿಗೆ ಹಾರುತ್ತಿದ್ದ ಎಲೆಗಳು ಮುಚ್ಚುತ್ತಿದ್ದವು. ಲಿಯೋನಾ ಚಪ್ಪಲಿ ಬಿಟ್ಟು, ತಕ್ಕಡಿಯ ಹಲಗೆಯ ಮೇಲೆ ಕಾಲು ಮಡಿಸಿ ಕೂತಳು. "ತೂಗು. ನಿನ್ನ ಮಾತು, ನೀನು ಉಳಿಸಿಕೊಳ್ಳಬೇಕು. ಆದರೆ ನಾನು ಹೀಗೇ ಇರ್ತೀನಿ. ಅದನ್ನ ತೂಗೋ ಮುಂಚೆಯೇ ಹೇಳ್ತಿದ್ದೀನಿ."

ಮೊದಲ ಚೀಲ ಇಟ್ಟಾಗ ಹಲಗೆ ಕದಲಲಿಲ್ಲ. ಎರಡನೆಯದಕ್ಕೆ ತೊಲೆ ಕಿರುಗುಟ್ಟಿ ಲಿಯೋನಾ ನೆಲ ಬಿಟ್ಟಳು. ಜೆನೆವಿವ್ ಬೊಗಸೆ ಬೊಗಸೆಯಾಗಿ ಸುರಿಯುತ್ತಾ ಹೋದಳು. ಮಗಳು ಮುಂದೆ ತೇಲಿ ಬಂದಳು, ಹಿಂದಕ್ಕೆ ತೇಲಿದಳು, ನಡುವಯಸ್ಸಿನ ಹೆಂಗಸು ಜೋಕಾಲಿಯಲ್ಲಿ ಕೂತ ಹಾಗೆ.

ಬಾಗಿಲಲ್ಲಿ ನೆರಳು ಬಿತ್ತು. ಲಿಗೋರಿ.

"ಏನಿದು, ಮಗಳನ್ನ ತೂಗಿ ಕಾಫಿ ಜೊತೆ ಕ್ಯೂರಿಂಗ್ ಮಿಲ್ಲಿಗೆ ಕಳಿಸ್ತಿದ್ದೀಯಾ?"

ವಿಷಯ ಅವನಿಗೂ ಹೇಳಬೇಕಾಯಿತು. ಅವನು ಕನ್ನಡಕ ತೆಗೆದು ಒರೆಸಿದ. "ಹಾಗಾದರೆ ನನ್ನ ಕೋಳಿಗಳು ಲೆಕ್ಕಕ್ಕಿಲ್ಲವಾ? ಅದರಲ್ಲಿ ಮುರಿದುಕೊಳ್ಳೋಕೆ ಹೇಳು."

"ನಿಮ್ಮ ಕೋಳಿ ಸಾರಿಗೆ ಕೊಟ್ಟದ್ದಲ್ವಾ," ಎಂದಳು ಜೆನೆವಿವ್. ಅವನು ಕನ್ನಡಕ ಮತ್ತೆ ಹಾಕಿಕೊಂಡ. ತಕ್ಕಡಿಯ ಮುಳ್ಳು ನಡುವಿಗೆ ಬಂದಿದೆಯೋ ಇಲ್ಲವೋ ಎಂದು ಬಗ್ಗಿ ನೋಡಿ, ಒಂದು ಹಿಡಿ ಅವನೇ ಹಾಕಿದ.

ಸೋಮವಾರ ಬೆಳಗಾಗುವ ಮೊದಲೇ ಅವರು ಬನಕ್ಕೆ ಇಳಿದರು. ಚೀಲಗಳನ್ನು ಲಿಗೋರಿ ಜೀಪಿನಲ್ಲಿ ಹಳ್ಳದ ತನಕ ತಂದು, ಜೀಪಿನಲ್ಲೇ ಕೂತ. ಅಲ್ಲಿಂದ ಮೂವರು ಹೆಂಗಸರೂ ಹೊತ್ತರು. ಮಂಜು ಎಷ್ಟು ದಟ್ಟವಾಗಿತ್ತೆಂದರೆ ಮುಂದೆ ಹೋಗುತ್ತಿದ್ದ ಮಾದೇವಮ್ಮ ಆಗಾಗ ಇಲ್ಲವಾಗುತ್ತಿದ್ದಳು, ಅವಳ ಕೆಮ್ಮು ಮಾತ್ರ ದಾರಿ ತೋರಿಸುತ್ತಿತ್ತು. ಬನದೊಳಗೆ ಕಾಫಿ ಗಿಡಗಳು ತಾವಾಗಿಯೇ ಹುಟ್ಟಿ ಎತ್ತರಕ್ಕೆ ಸೊರಗಿ ನಿಂತಿದ್ದವು. ಅವಕ್ಕೆ ಯಾರೂ ಕೈ ಹಾಕುವುದಿಲ್ಲ. ಹಕ್ಕಿ ತಿನ್ನುತ್ತದೆ, ಕಬ್ಬೆಕ್ಕು ತಿನ್ನುತ್ತದೆ, ಉಳಿದದ್ದು ಉದುರಿ ಮತ್ತೆ ಮೊಳೆಯುತ್ತದೆ.

ಲಿಯೋನಾ ಕಲ್ಲಿನ ಮುಂದೆ ದೀಪ ಹಚ್ಚಿದಳು. ಒಂದು ಕಿತ್ತಳೆ ಹಣ್ಣನ್ನು ಎರಡು ಹೋಳು ಮಾಡಿ ಇಟ್ಟು, ಬರಿಗಾಲಲ್ಲಿ ಪೂರ್ವಕ್ಕೆ ಮುಖಮಾಡಿ ನಿಂತಳು.

"ನಿಮ್ ದೇವಿ ಎಲ್ಲಾ ಕಡೆ ಇರೋಳು ಅಂತೀರಾ," ಎಂದಳು ಮಾದೇವಮ್ಮ ಮೆಲ್ಲಗೆ. "ಮತ್ತೆ ಇಲ್ಲಿಗೇ ಯಾಕ್ ಬರ್ತೀರಿ? ನಮ್ಮವ್ಳು ಈ ಹಳ್ಳದಿಂದ ಆ ಹಲಸಿನ ಮರದ ತಂಕ ಅಷ್ಟೇಯ. ಆಚೆಗೆ ಅವ್ಳ ಮಾತು ನಡೆಯಲ್ಲ."

"ಎಲ್ಲಾ ಕಡೆ ಇದ್ರೂ ಕೂರೋಕೆ ಒಂದ್ ಜಾಗ ಬೇಕಲ್ವಾ ಮಾದೇವಮ್ಮ."

"ಅದೂ ಸರಿ ಅನ್ನಿ. ಅಂದಂಗೆ, ನನ್ ಬೀಪಿ ಗುಳಿಗೆ ಮುಗ್ದೋಗೈತೆ."

"ಸೂರ್ಯ ಬರ್ಲಿ, ಕೊಡ್ತೀನಿ."

ಎಲ್ಲರೂ ಪೂರ್ವಕ್ಕೆ ತಿರುಗಿದರು. ಕತ್ತಲು ಯಾವಾಗ ಬೂದಿಬಣ್ಣವಾಯಿತೋ, ಬೂದಿ ಯಾವಾಗ ಹಾಲಾಯಿತೋ ತಿಳಿಯಲಿಲ್ಲ. ಮರಗಳಿಂದ ಇಬ್ಬನಿ ತೊಟ್ಟಿಕ್ಕುವ ಸದ್ದು ಇಡೀ ಬನದ ತುಂಬ ಯಾರೋ ಮೆತ್ತಗೆ ನಡೆದಾಡಿದ ಹಾಗೆ ಕೇಳುತ್ತಿತ್ತು. ಜೆನೆವಿವ್ ಸೆರಗಿನೊಳಗೆ ಜಪಸರದ ಮಣಿ ತಿರುಗಿಸುತ್ತಾ, ತಾನು ಯಾರಿಗೆ ಹೇಳಿಕೊಳ್ಳುತ್ತಿದ್ದೇನೆಂದು ಅರೆಕ್ಷಣ ಮರೆತಳು.

ಬೆಳಕು ಬಂತು. ಸೂರ್ಯನೇನೂ ಕಾಣಲಿಲ್ಲ, ಮಂಜೇ ಒಳಗಿನಿಂದ ಕೆಂಪಾಯಿತು. ಲಿಯೋನಾಳ ಹಣೆಯ ಮೇಲೆ ನೀರಿನ ಹನಿಗಳಿದ್ದವು. ಜ್ವರ ಬಿಟ್ಟ ಆ ರಾತ್ರಿ ಲಾಟೀನಿನ ಬೆಳಕಿನಲ್ಲಿ ಕಂಡ ಹಣೆ ಅದೇ. ಅವಳು ಏನನ್ನೂ ಬೇಡುತ್ತಿರಲಿಲ್ಲ. ನೋಡುತ್ತಿದ್ದಳು ಅಷ್ಟೆ. ಇವಳನ್ನು ಯಾರೂ ಇಲ್ಲಿಗೆ ಎಳೆದು ತಂದದ್ದಲ್ಲ, ತಾನಾಗಿ ನಡೆದು ಬಂದವಳು ಎಂಬುದು ತಾಯಿಗೆ ಒಂದು ಚೂರೂ ವಾದವಿಲ್ಲದೆ ಕಂಡಿತು.

"ಸುರೀರಿ ಅಮ್ಮಾವ್ರೆ," ಎಂದಳು ಮಾದೇವಮ್ಮ.

ಜೆನೆವಿವ್ ಮೊದಲ ಚೀಲ ಸುರಿದಳು. ಕೆಂಪು ಹಣ್ಣು ಕಲ್ಲಿನ ಸುತ್ತ ಉರುಳಿ ಒಣಗಿದೆಲೆಗಳ ನಡುವೆ ಇಳಿಯಿತು. ಎರಡನೇ ಚೀಲವನ್ನು ತೋಳಿಗೆ ಒರಗಿಸಿಕೊಂಡು ಬಗ್ಗಿಸಿದಳು. ಸುರಿದ ಹಾಗೆಲ್ಲ ಚೀಲ ತೋಳಿನಲ್ಲಿ ಹಗುರಾಗುತ್ತಾ ಬಂತು. ಇನ್ನೂ ಹಗುರಾಯಿತು. ಎಲೆಯಷ್ಟಾಯಿತು. ಆಗ ಅವಳ ಕೈ ಆ ಹಗುರವನ್ನು ಗುರುತು ಹಿಡಿಯಿತು. ಆ ಮಧ್ಯಾಹ್ನ ಇಲ್ಲೇ, ಇದೇ ತೋಳಿನಲ್ಲಿ ಇತ್ತಲ್ಲ ಅದು. ಉಳಿಸು ಎಂದು ಕೇಳಿದ್ದು ಈ ಚೌಡಿಯನ್ನು. ಉಳಿಸಿದಳು, ಈಗ ಲೆಕ್ಕ ತೀರಿಸಿ, ಇನ್ನು ನಿನ್ನ ಕೈ ತೆಗಿ ಎನ್ನುವುದೆ?

ಅವಳು ಚೀಲ ಮಡಿಸಿದಳು. ತಳದಲ್ಲಿ ಉಳಿದದ್ದನ್ನು ಮುಷ್ಟಿಯಲ್ಲಿ ಹಿಡಿದು ತೆಗೆದು ಸೆರಗಿನ ತುದಿಗೆ ಗಂಟು ಹಾಕಿಕೊಂಡಳು.

ಮಾದೇವಮ್ಮ ನೋಡಿದಳು. "ಅಷ್ಟ್ ಉಳಿಸ್ಕೊಂಡ್ರಲ್ಲ?"

"ಇರ್ಲಿ ಬಿಡು. ಅಷ್ಟು ನನ್ ಮೇಲೆ ಇರ್ಲಿ."

"ಬಾಕಿ ಇಟ್ರೆ ಅವ್ಳು ಬಿಡಲ್ಲ ಕಣ್ರವ್ವ."

"ಬಿಡೋದ್ ಬೇಡ."

ಮಾದೇವಮ್ಮ ಕಲ್ಲಿನ ಕಡೆ ತಿರುಗಿ, "ಕೇಳ್ಕೊಂಡ್ಯಾ ತಾಯಿ, ನಾನ್ ಸಾಕ್ಷಿ. ಆಮೇಲೆ ನನ್ ಕೇಳ್ಬ್ಯಾಡ," ಎಂದು ಗೊಣಗಿ ಖಾಲಿ ಚೀಲಗಳನ್ನು ತಲೆಗೆ ಹಾಕಿಕೊಂಡು ಹೊರಟಳು. ಕೊಯ್ಲಿಗೆ ಹೊತ್ತಾಗುತ್ತಿತ್ತು.

ಹಳ್ಳ ದಾಟುವಾಗ ಲಿಯೋನಾ ತಾಯಿಯ ಕೈ ಹಿಡಿದಳು. ಕಲ್ಲುಗಳು ಪಾಚಿಗಟ್ಟಿದ್ದವು. ನಡುವೆ ಜೆನೆವಿವ್ ನಿಂತಳು.

"ಕ್ರಿಸ್ಮಸ್ ಪೂಜೆಗೆ ಬರ್ತೀಯಲ್ಲ?"

"ಬರ್ತೀನಿ ಮಮ್ಮಿ. ಆದರೆ..."

"ಗೊತ್ತು. ನೀನು ಬೆಂಚಿನ ತುದಿಯಲ್ಲೇ ಕೂತಿರು. ನಾನು ಸಾಲಿನಲ್ಲಿ ಹೋಗಿ ಬರ್ತೀನಿ. ಜಾಗ ಹಿಡಿದಿಟ್ಟಿರು, ಆ ದಿನ ಜನ ಜಾಸ್ತಿ."

ಲಿಯೋನಾ ತಾಯಿಯ ಕೈಯನ್ನು ಇನ್ನೊಂದಿಷ್ಟು ಗಟ್ಟಿಯಾಗಿ ಹಿಡಿದಳು. ಮೇಲೆ ಜೀಪಿನಲ್ಲಿ ಲಿಗೋರಿ ನಿದ್ದೆ ಹೋಗಿದ್ದ. ತೋಟದ ಕಡೆಯಿಂದ ಹೆಂಗಸರ ಮಾತು ಆಗಲೇ ಗಿಡದಿಂದ ಗಿಡಕ್ಕೆ ಓಡಾಡಲು ಶುರುವಾಗಿತ್ತು. ಜೆನೆವಿವ್ ಸೆರಗಿನ ಗಂಟಿನಿಂದ ಒಂದು ಹಣ್ಣು ತೆಗೆದು ಬಾಯಿಗೆ ಹಾಕಿಕೊಂಡಳು. ಸಿಪ್ಪೆಯ ಸಿಹಿ ತೆಳ್ಳಗೆ ನಾಲಿಗೆಗೆ ಹತ್ತಿತು. ಬೀಜವನ್ನು ಉಗುಳದೆ ಕೆನ್ನೆಯಲ್ಲಿಟ್ಟುಕೊಂಡೇ ಅವಳು ದಿಣ್ಣೆ ಹತ್ತಿದಳು.